ಕೃಷಿ ಪಟ್ಟಣವೊಂದರ ಜನ ಮತ್ತು ದುಡಿಮೆ: ಜನಗಣತಿಯ ಅಂಕಣಗಳನ್ನು ತರಗತಿಯಲ್ಲಿ ಓದುವ ಬಗೆ

ಸಂಕ್ರಾಂತಿ ಸಮೀಪಿಸುತ್ತಿದ್ದಂತೆ ದುಧನಿಯ ಮಾರುಕಟ್ಟೆಯ ಅಂಗಳಕ್ಕೆ ಹೊಸ ತೊಗರಿ ಬರತೊಡಗುತ್ತದೆ. ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಿಂದಷ್ಟೇ ಅಲ್ಲದೆ ಗಡಿಯಾಚೆಯ ಅಫಜಲಪುರ, ಆಳಂದ ಸೀಮೆಯಿಂದಲೂ ಚೀಲಗಳು ಬಂದು ಬೀಳುತ್ತವೆ. ಅಡತಿ ಅಂಗಡಿಯ ಕಟ್ಟೆಯ ಮೇಲೆ ರಾಶಿ ಸುರಿದು ಸವಾಲು ಕೂಗುತ್ತಾರೆ. ತೂಕದವನು ತೂಗುತ್ತಾನೆ, ಹಮಾಲರು ಚೀಲ ಹೊರುತ್ತಾರೆ, ನೆಲಕ್ಕೆ ಚೆಲ್ಲಿದ ಕಾಳನ್ನು ಹೆಂಗಸರು ಬಳಿದು ಕೇರಿ ಹಸನು ಮಾಡುತ್ತಾರೆ. ವ್ಯವಹಾರದ ಮಾತು ಬಹುಮಟ್ಟಿಗೆ ಕನ್ನಡ, ಕೈಗೆ ಬರುವ ಪಟ್ಟಿ ಮರಾಠಿ. 1871ರಲ್ಲಿ ರಾಯಚೂರನ್ನು ಮುಟ್ಟಿದ ಸೊಲ್ಲಾಪುರದ ರೈಲುಮಾರ್ಗ ಈ ಊರನ್ನು ಹಾದು ಹೋಗುತ್ತದೆ. ಊರಿಗೆ ನಗರ ಪರಿಷತ್ತು ಇದೆ. ಆದರೆ ಪೇಟೆಯ ಬೀದಿಯಿಂದ ಸ್ವಲ್ಪವೇ ಹೊರಗೆ ನಡೆದರೆ ಕಾಣುವುದು ಜೋಳದ ಹೊಲ.

ಇಂಥ ಊರಿನ ಶಾಲೆಯಲ್ಲಿ ‘ಜನಸಂಖ್ಯೆ’ ಎಂಬ ಪಾಠವನ್ನು ಬೋಧಿಸುವಾಗ ಒಂದು ತೊಡಕು ಎದುರಾಗುತ್ತದೆ. ಪಠ್ಯಪುಸ್ತಕವು ಸಾಂದ್ರತೆ, ಲಿಂಗಾನುಪಾತ, ವಯೋರಚನೆ, ಕಾರ್ಯನಿರತ ಜನಸಂಖ್ಯೆ ಮುಂತಾದ ಪದಗಳನ್ನು ಕೊಡುತ್ತದೆ. ಉದಾಹರಣೆಗಳು ದೇಶದವು ಅಥವಾ ಜಗತ್ತಿನವು. ವಿದ್ಯಾರ್ಥಿ ವ್ಯಾಖ್ಯೆಯನ್ನು ಕಂಠಪಾಠ ಮಾಡುತ್ತಾನೆ. ತನ್ನ ತಾಯಿ ಆ ‘ಕಾರ್ಯನಿರತ ಜನಸಂಖ್ಯೆ’ಯಲ್ಲಿ ಸೇರುತ್ತಾಳೆಯೋ ಇಲ್ಲವೋ ಎಂಬುದನ್ನು ಮಾತ್ರ ಅವನು ಹೇಳಲಾರ. ಹಲವು ವೇಳೆ ಶಿಕ್ಷಕರೂ ಹೇಳಲಾರರು. ಗಣತಿಯ ಕಾಲದಲ್ಲಿ ಮನೆಮನೆಗೆ ಹೋಗಿ ಆ ಅಂಕಣವನ್ನು ತುಂಬುವವರಲ್ಲಿ ಹೆಚ್ಚಿನವರು ಶಿಕ್ಷಕರೇ ಆಗಿರುವುದರಿಂದ ಈ ತೊಡಕು ಕೇವಲ ಬೋಧನೆಯದಲ್ಲ. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೆ ಹೋಯಿತು. ಹೊಸ ಗಣತಿಗೆ 1 ಮಾರ್ಚ್ 2027ರ ಶೂನ್ಯ ವೇಳೆಯನ್ನು ಆಧಾರ ಕ್ಷಣವೆಂದು ಜೂನ್ 2025ರ ಅಧಿಸೂಚನೆ ನಿಗದಿಪಡಿಸಿದೆ. ಹಿಮಾವೃತ ಪ್ರದೇಶಗಳಿಗಷ್ಟೇ ಬೇರೆ ದಿನಾಂಕವಿದೆ. ಆದುದರಿಂದ ಈ ಲೇಖನದಲ್ಲಿ ಪಾಠದ ತಯಾರಿಯನ್ನೂ ಗಣತಿಯ ತಿಳಿವಳಿಕೆಯನ್ನೂ ಒಟ್ಟಿಗೇ ಕೊಡಲಾಗಿದೆ. ಇಲ್ಲಿ ಬರುವ ವ್ಯಾಖ್ಯೆಗಳು 2011ರ ಗಣತಿಯವು.

ಹಳ್ಳಿಯೋ ಪಟ್ಟಣವೋ

ಪಾಠವನ್ನು ಒಂದು ಸರಳ ಪ್ರಶ್ನೆಯಿಂದ ಆರಂಭಿಸಬಹುದು: ನಮ್ಮದು ಹಳ್ಳಿಯೋ ಪಟ್ಟಣವೋ? ದುಧನಿ, ಮೈಂದರ್ಗಿಯಂಥ ಊರುಗಳಲ್ಲಿ ತರಗತಿ ಎರಡು ಪಕ್ಷವಾಗುವುದು ಖಂಡಿತ. ಬಸ್‌ನಿಲ್ದಾಣ, ಬ್ಯಾಂಕು, ದವಾಖಾನೆ ಇರುವುದರಿಂದ ಪಟ್ಟಣವೆಂದು ಕೆಲವರೂ, ಮನೆಮುಂದೆ ದನ ಕಟ್ಟಿರುವುದರಿಂದ ಹಳ್ಳಿಯೆಂದು ಕೆಲವರೂ ವಾದಿಸುತ್ತಾರೆ. ಇಬ್ಬರ ವಾದವನ್ನೂ ಕರಿಹಲಗೆಯ ಮೇಲೆ ಬರೆದ ನಂತರ ಗಣತಿಯ ನಿಯಮವನ್ನು ತಿಳಿಸಬೇಕು.

ಗಣತಿಯು ಪಟ್ಟಣಗಳನ್ನು ಎರಡು ದಾರಿಯಿಂದ ಗುರುತಿಸುತ್ತದೆ. ಮಹಾನಗರಪಾಲಿಕೆ, ನಗರ ಪರಿಷತ್ತು, ದಂಡುಪ್ರದೇಶ ಮೊದಲಾದ ಶಾಸನಬದ್ಧ ಸಂಸ್ಥೆ ಇರುವ ಊರು ಶಾಸನಬದ್ಧ ಪಟ್ಟಣ. ಅಂಥ ಸಂಸ್ಥೆ ಇಲ್ಲದಿದ್ದರೂ ಮೂರು ಗುಣಗಳಿರುವ ಊರು ಗಣತಿ ಪಟ್ಟಣ: ಜನಸಂಖ್ಯೆ ಕನಿಷ್ಠ 5,000 ಇರಬೇಕು; ಪ್ರತಿ ಚದರ ಕಿಲೋಮೀಟರಿಗೆ ಕನಿಷ್ಠ 400 ಜನರಿರಬೇಕು; ಮುಖ್ಯ ಕೆಲಸಗಾರರಾದ ಗಂಡಸರಲ್ಲಿ ಕನಿಷ್ಠ 75 ಶೇಕಡ ಮಂದಿ ಕೃಷಿಯೇತರ ಕೆಲಸದಲ್ಲಿರಬೇಕು. ಮೂರನೆಯ ಷರತ್ತನ್ನು ನಿಧಾನವಾಗಿ ಓದಿಸಬೇಕು. ಒಕ್ಕಲುತನವೇ ಪ್ರಧಾನವಾಗಿರುವ ಊರು ಎಷ್ಟೇ ದೊಡ್ಡದಾಗಿ ಬೆಳೆದರೂ ಎರಡನೆಯ ದಾರಿಯಿಂದ ಪಟ್ಟಣವಾಗಲಾರದು. ‘ಕೃಷಿ ಪಟ್ಟಣ’ ಎನ್ನುವುದು ಗಣತಿಯ ಭಾಷೆಯಲ್ಲಿ ಹೆಚ್ಚುಕಡಿಮೆ ವಿರೋಧಾಭಾಸ. ನಗರ ಪರಿಷತ್ತು ಇದ್ದಲ್ಲಿ ಮಾತ್ರ ಅದು ಸಾಧ್ಯ. ದುಧನಿ, ಮೈಂದರ್ಗಿಗಳು ಪಟ್ಟಣಗಳಾಗಿರುವುದು ಈ ಕಾರಣದಿಂದ.

ಆ ಷರತ್ತಿನಲ್ಲಿ ಗಂಡಸರನ್ನಷ್ಟೇ ಏಕೆ ಲೆಕ್ಕಕ್ಕೆ ಹಿಡಿದಿದ್ದಾರೆ ಎಂದು ಹುಡುಗಿಯೊಬ್ಬಳು ಕೇಳಿದರೆ ಶಿಕ್ಷಕರು ಪ್ರಶ್ನೆಯನ್ನು ಬದಿಗೆ ಸರಿಸಬಾರದು. ಹೆಂಗಸರ ದುಡಿಮೆಯನ್ನು ಎಣಿಸುವ ಕಷ್ಟ ಮುಂದಿನ ಪಾಠದ ಜೀವಾಳ. ಅದನ್ನು ಅಲ್ಲಿ ನೋಡೋಣ ಎಂದು ಬರೆದಿಟ್ಟುಕೊಳ್ಳಬಹುದು.

ಹಳ್ಳಿ ಅಥವಾ ಪಟ್ಟಣ ಎಂಬ ಹಣೆಪಟ್ಟಿಯಿಂದ ಬದುಕಿನಲ್ಲಿ ವ್ಯತ್ಯಾಸವಾಗುತ್ತದೆ. 2005ರ ಕೇಂದ್ರ ಉದ್ಯೋಗ ಖಾತರಿ ಕಾಯ್ದೆಯನ್ನು ಗ್ರಾಮೀಣ ಕುಟುಂಬಗಳಿಗಾಗಿ ರೂಪಿಸಲಾಗಿತ್ತು. ಒಂದೇ ಹೊಲದ ಬದುವಿನ ಆಚೆ ಈಚೆ ಕಳೆ ಕೀಳುವ ಇಬ್ಬರಲ್ಲಿ ಒಬ್ಬಳ ಮನೆ ಪಂಚಾಯತಿಯ ಮೇರೆಯೊಳಗೂ ಇನ್ನೊಬ್ಬಳದು ನಗರ ಪರಿಷತ್ತಿನ ಮೇರೆಯೊಳಗೂ ಇದ್ದರೆ ಅವರಿಗೆ ದೊರಕುವ ಯೋಜನೆಗಳೇ ಬೇರೆಯಾಗುತ್ತವೆ. ದುಡಿಮೆಯ ವರ್ಗೀಕರಣವೂ ಬದಲಾಗುತ್ತದೆ. ಹಳ್ಳಿಯಲ್ಲಿ ಕಮ್ಮಾರನು ತನ್ನ ಮನೆಯಲ್ಲಿ ಕುಲುಮೆ ಹೂಡಿದರೂ ಊರೊಳಗೆ ಬೇರೆಲ್ಲಿ ಹೂಡಿದರೂ ಅದು ಗೃಹ ಕೈಗಾರಿಕೆ. ಪಟ್ಟಣದಲ್ಲಿ ವಾಸದ ಮನೆಯ ಆವರಣದೊಳಗೇ ಇದ್ದರೆ ಮಾತ್ರ ಗೃಹ ಕೈಗಾರಿಕೆ. ಕುಲುಮೆ ರಸ್ತೆಯ ಬದಿಗಿದ್ದರೆ ಅದೇ ಕಮ್ಮಾರ, ಅದೇ ಸುತ್ತಿಗೆ, ಆದರೆ ‘ಇತರ ಕೆಲಸಗಾರ’.

ದುಡಿಯುವವರು ಯಾರು

ಗಣತಿಯ ಪ್ರಕಾರ ‘ಕೆಲಸ’ ಎಂದರೆ ಆರ್ಥಿಕವಾಗಿ ಉತ್ಪಾದಕವಾದ ಚಟುವಟಿಕೆಯಲ್ಲಿ ತೊಡಗುವುದು. ಕೂಲಿ ಸಿಗಲಿ ಸಿಗದಿರಲಿ, ಪೂರ್ಣ ವೇಳೆಯದಾಗಲಿ ಅರೆವೇಳೆಯದಾಗಲಿ, ಕೈಯಿಂದ ಮಾಡಿದ್ದಾಗಲಿ ನಿಂತು ಮಾಡಿಸಿದ್ದಾಗಲಿ, ಅದು ಕೆಲಸವೇ. ಗಣತಿಗೆ ಹಿಂದಿನ ಒಂದು ವರ್ಷದಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆ ದುಡಿದವರು ಅಲ್ಪಾವಧಿ ಕೆಲಸಗಾರರು. ದಿನದ ಲೆಕ್ಕದಲ್ಲಿ ಹೇಳುವುದಾದರೆ 183 ದಿನ ಇದರ ಗಡಿ. ಇವರನ್ನು ಸಾಗುವಳಿದಾರರು, ಕೃಷಿ ಕೂಲಿಕಾರರು, ಗೃಹ ಕೈಗಾರಿಕೆಯವರು, ಇತರ ಕೆಲಸಗಾರರು ಎಂದು ನಾಲ್ಕು ಗುಂಪು ಮಾಡುತ್ತಾರೆ.

ಮೊದಲ ಎರಡು ಗುಂಪುಗಳ ನಡುವಣ ಗೆರೆಯನ್ನು ತಿಳಿಯುವುದು ಒಕ್ಕಲು ಮಕ್ಕಳಿಗೆ ಕಷ್ಟವಲ್ಲ. ಬೆಳೆ ಹೋದರೆ ನಷ್ಟ ಯಾರದು ಎಂದು ಕೇಳಿದರೆ ಸಾಕು. ಸ್ವಂತ ಹೊಲ ಮಾಡುವವನು, ಲಾವಣಿಗೆ ಹಿಡಿದವನು, ಪಾಲಿಗೆ ಮಾಡುವವನು ಇವರೆಲ್ಲ ನಷ್ಟಕ್ಕೆ ಹೆಗಲು ಕೊಟ್ಟವರು, ಆದುದರಿಂದ ಸಾಗುವಳಿದಾರರು. ಬೇರೆಯವರ ಹೊಲದಲ್ಲಿ ಹಣಕ್ಕೋ ಕಾಳಿಗೋ ದುಡಿದು, ಬೆಳೆಯ ನಷ್ಟಕ್ಕೆ ಬಾಧ್ಯನಲ್ಲದವನು ಕೂಲಿಕಾರ. ಹೊಲವನ್ನು ಪಾಲಿಗೆ ಕೊಟ್ಟು ಆ ಕಡೆ ಹೊರಳಿ ನೋಡದೆ ಸೊಲ್ಲಾಪುರದಲ್ಲಿ ಇರುವವನು ಏಳು ಹನ್ನೆರಡರ ಉತಾರದಲ್ಲಿ ಮಾಲಕನಾಗಿದ್ದರೂ ಗಣತಿಯ ಸಾಗುವಳಿದಾರನಲ್ಲ. ಇನ್ನೊಂದು ವಿಚಿತ್ರವನ್ನೂ ಇಲ್ಲಿ ಹೇಳಬಹುದು. ಚಹ, ಕಾಫಿ, ರಬ್ಬರು, ತೆಂಗು, ಅಡಿಕೆ ಇವು ತೋಟದ ಬೆಳೆಗಳೆಂದು ಸಾಗುವಳಿಯ ವ್ಯಾಖ್ಯೆಯಿಂದ ಹೊರಗಿವೆ. ಕಾಸರಗೋಡಿನ ಅಡಿಕೆ ಬೆಳೆಗಾರ ಹೀಗೆ ‘ಇತರ ಕೆಲಸಗಾರ’ನಾಗುತ್ತಾನೆ, ಜತ್ತದ ದ್ರಾಕ್ಷಿ, ದಾಳಿಂಬೆ ಬೆಳೆಗಾರನಾದರೋ ಸಾಗುವಳಿದಾರನಾಗಿಯೇ ಉಳಿಯುತ್ತಾನೆ. ಎರಡು ಜಿಲ್ಲೆಗಳ ಅಂಕಿಗಳನ್ನು ಹೋಲಿಸುವ ಮುನ್ನ ಇದು ನೆನಪಿರಬೇಕು.

ದೇಶದ ಚಿತ್ರಕ್ಕಾಗಿ ಕರಿಹಲಗೆಯ ಮೇಲೆ ನಾಲ್ಕು ಅಂಕಿ ಬರೆದರೆ ಸಾಕು. 2001ರಲ್ಲಿ ಸಾಗುವಳಿದಾರರು 12.73 ಕೋಟಿ, ಕೃಷಿ ಕೂಲಿಕಾರರು 10.68 ಕೋಟಿ. 2011ರಲ್ಲಿ ಸಾಗುವಳಿದಾರರು 11.88 ಕೋಟಿ, ಕೂಲಿಕಾರರು 14.43 ಕೋಟಿ. ಹತ್ತು ವರ್ಷದಲ್ಲಿ ತಕ್ಕಡಿ ಹೊರಳಿದ್ದನ್ನು ಮಕ್ಕಳೇ ಗುರುತಿಸುತ್ತಾರೆ. ಹೊಲ ಅಣ್ಣತಮ್ಮಂದಿರಲ್ಲಿ ತುಂಡಾದುದು, ಮಳೆಯ ನಂಬಿಕೆ ತಪ್ಪಿದುದು, ಸಾಲ, ಮಾರಾಟ ಇವೆಲ್ಲ ಅವರ ಮನೆಯಲ್ಲಿ ದಿನವೂ ಕೇಳುವ ಮಾತುಗಳು. ಕಾರಣಗಳನ್ನು ಅವರಿಂದಲೇ ಹೇಳಿಸಬೇಕು.

ಇನ್ನು ಹುಡುಗಿಯ ಪ್ರಶ್ನೆ. 2011ರಲ್ಲಿ ದೇಶದ ಗಂಡಸರಲ್ಲಿ 53.3 ಶೇಕಡ ಮಂದಿ ಕೆಲಸಗಾರರೆಂದೂ ಹೆಂಗಸರಲ್ಲಿ 25.5 ಶೇಕಡ ಮಾತ್ರ ಕೆಲಸಗಾರರೆಂದೂ ಲೆಕ್ಕವಾಯಿತು. ಗ್ರಾಮೀಣ ಭಾಗದಲ್ಲಿ ಹೆಂಗಸರ ಪ್ರಮಾಣ 30 ಶೇಕಡ, ನಗರಗಳಲ್ಲಿ ಅದರ ಅರ್ಧ. ಕೆಲಸಗಾರರೆಂದು ಲೆಕ್ಕಕ್ಕೆ ಬಂದ ಹೆಂಗಸರಲ್ಲಿಯೂ ಹತ್ತಕ್ಕೆ ನಾಲ್ವರು ಅಲ್ಪಾವಧಿಯವರು. ಜೋಳದ ಸುಗ್ಗಿಯಲ್ಲಿ ಹೊಲಕ್ಕೆ ಹೋಗಿ ನಿಂತು ನೋಡಿದವರು ಈ ಅಂಕಿಗಳನ್ನು ಒಪ್ಪುವುದು ಕಷ್ಟ.

ವ್ಯತ್ಯಾಸ ಬರುವುದು ವ್ಯಾಖ್ಯೆಯಲ್ಲಲ್ಲ, ಬಾಗಿಲಲ್ಲಿ. ಫೆಬ್ರವರಿಯಲ್ಲಿ ಗಣತಿದಾರ ಮನೆಗೆ ಬರುವ ಹೊತ್ತಿಗೆ ಜೋಳದ ಕೊಯ್ಲು, ರಾಶಿ ನಡೆದಿರುತ್ತದೆ. ಹಗಲಿನಲ್ಲಿ ಮನೆಯಲ್ಲಿ ಸಿಗುವವರು ಮುದುಕರು. “ಸೊಸಿ ಏನ್ ಮಾಡ್ತಾಳ್ರಿ?” ಎಂದರೆ ಉತ್ತರ ಸಿದ್ಧ: “ಏನ್ ಮಾಡೂದೈತ್ರಿ, ಮನ್ಯಾಗ ಇರ್ತಾಳ.” ಆ ಸೊಸೆ ಅದೇ ಗಳಿಗೆಯಲ್ಲಿ ಹೊಲದಲ್ಲಿ ತೆನೆ ಮುರಿಯುತ್ತಿರುತ್ತಾಳೆ. ಅಡಿಗೆ, ನೀರು ತರುವುದು, ಮಕ್ಕಳ ಪಾಲನೆ ಇವು ಗಣತಿಯ ವ್ಯಾಖ್ಯೆಯಲ್ಲಿ ಕೆಲಸವಲ್ಲ. ಇದು ಸರಿಯೇ ಎಂಬ ಚರ್ಚೆ ಬೇರೆ. ಆದರೆ ಮನೆಯ ಹೊಲದಲ್ಲಿ ಕೂಲಿಯಿಲ್ಲದೆ ಮಾಡಿದ್ದು ಕೆಲಸ. ಎಮ್ಮೆ ಸಾಕಿ ಹಾಲು ಕರೆಯುವುದೂ ಕೆಲಸ. ಆ ಹಾಲನ್ನು ಮಾರದೆ ಮನೆಯವರೇ ಉಂಡರೂ ಕೆಲಸ. ಈ ಕೊನೆಯ ನಿಯಮ ಎಷ್ಟೋ ಗಣತಿದಾರರಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದವರೂ ಅವಸರದಲ್ಲಿ ಕೇಳುವುದಿಲ್ಲ. “ಏನು ಮಾಡುತ್ತಾಳೆ” ಎಂದು ಕೇಳುವ ಬದಲು “ಕಳೆಗೆ ಹೋಗುತ್ತಾಳೆಯೇ, ರಾಶಿಗೆ ಹೋಗುತ್ತಾಳೆಯೇ, ಎಮ್ಮೆ ಯಾರು ನೋಡುತ್ತಾರೆ” ಎಂದು ಕೇಳಿದರೆ ಉತ್ತರವೇ ಬೇರೆಯಾಗುತ್ತದೆ.

ಒಂದು ಮನೆಯ ಲೆಕ್ಕ

ತರಗತಿಯಲ್ಲಿ ಯಾವ ವಿದ್ಯಾರ್ಥಿಯ ಮನೆಯನ್ನೂ ಉದಾಹರಣೆಯಾಗಿ ಎತ್ತಿಕೊಳ್ಳಬಾರದು. ಅದಕ್ಕಾಗಿ ಇಲ್ಲಿ ಒಂದು ಕಲ್ಪಿತ ಮನೆಯನ್ನು ಕೊಟ್ಟಿದೆ. ಜತ್ತ ಅಕ್ಕಲಕೋಟೆ ಸೀಮೆಯ ಯಾವ ಊರಿನಲ್ಲಾದರೂ ಇರಬಹುದಾದ ಮನೆ ಇದು. ಒಣಬೇಸಾಯದ ನಾಲ್ಕು ಎಕರೆ, ಒಂದು ಎಮ್ಮೆ. ಮನೆಯಲ್ಲಿ ಅಜ್ಜ, ಅಜ್ಜಿ, ಹಿರಿಯ ಮಗ ಮತ್ತು ಅವನ ಹೆಂಡತಿ, ಅವರ ಎಂಟನೆಯ ಇಯತ್ತೆಯ ಮಗಳು. ಕಿರಿಯ ಮಗ, ಅವನ ಹೆಂಡತಿ, ಅವರ ಒಂಬತ್ತು ವರ್ಷದ ಮಗ ಮತ್ತು ಕೈಗೂಸು. ಒಟ್ಟು ಒಂಬತ್ತು ಜನ.

ಅಜ್ಜನಿಗೆ ಮೊಣಕಾಲು ನೋವು, ಹೊಲದಲ್ಲಿ ಬಗ್ಗಲಾರ. ಆದರೆ ಉತ್ತರಿ ಮಳೆ ನೋಡಿ ಬಿತ್ತಬೇಕೋ ಹಸ್ತದವರೆಗೆ ಕಾಯಬೇಕೋ ಎಂದು ತೀರ್ಮಾನಿಸುವವನು ಅವನು. ಆಳು ಹಚ್ಚಿ ನಿಂತು ಮಾಡಿಸುವವನೂ ಅವನೇ. ಮಕ್ಕಳಲ್ಲಿ ಹೆಚ್ಚಿನವರು ಅವನನ್ನು ‘ಕೆಲಸ ಮಾಡದವರು’ ಎಂಬಲ್ಲಿ ಹಾಕುತ್ತಾರೆ. ಗಣತಿ ಹಾಗೆ ಹಾಕುವುದಿಲ್ಲ. ಪರಿಣಾಮಕಾರಿ ಮೇಲ್ವಿಚಾರಣೆಯೂ ಸಾಗುವಳಿಯೇ.

ಹಿರಿಯ ಮಗ ವರ್ಷದಲ್ಲಿ ಸುಮಾರು 90 ದಿನ ಹೊಲದಲ್ಲಿಯೂ 150 ದಿನ ಮಾರುಕಟ್ಟೆಯಲ್ಲಿ ಹಮಾಲಿಯಲ್ಲಿಯೂ ಇರುತ್ತಾನೆ ಎಂದಿಟ್ಟುಕೊಳ್ಳೋಣ. ಒಟ್ಟು 240 ದಿನ, ಆದುದರಿಂದ ಮುಖ್ಯ ಕೆಲಸಗಾರ. ಹೆಚ್ಚು ಕಾಲ ಕಳೆದದ್ದು ಹಮಾಲಿಯಲ್ಲಿ, ಆದುದರಿಂದ ‘ಇತರ’. ಅವನನ್ನು ಕೇಳಿದರೆ ಮಾತ್ರ “ಒಕ್ಕಲುತನ” ಎಂದೇ ಹೇಳುತ್ತಾನೆ. ಹೊಲವಿರುವ ಮನುಷ್ಯ ತಾನು ಹಮಾಲ ಎಂದು ಬರೆಸುವುದು ವಿರಳ. ಆ ಅಭಿಮಾನ ತಪ್ಪಲ್ಲ. ಆದರೆ ಅದರಿಂದ ಊರಿನ ಹಮಾಲರ ಸಂಖ್ಯೆ ಪುಸ್ತಕದಲ್ಲಿ ಇಳಿಯುತ್ತದೆ. ತಲೆಹೊರೆಯ ಕೆಲಸಗಾರರಿಗಾಗಿಯೇ ಮಹಾರಾಷ್ಟ್ರದಲ್ಲಿ 1969ರಿಂದ ಮಾಥಾಡಿ ಕಾಯ್ದೆ ಇದೆ ಎಂಬುದನ್ನು ಪ್ರಸಂಗವಶಾತ್ ತಿಳಿಸಬಹುದು. ತಮ್ಮ ತಂದೆಯ ಕೆಲಸಕ್ಕೆ ಒಂದು ಕಾನೂನಿದೆ ಎಂದು ಕೇಳಿದ ಮಗು ನೆಟ್ಟಗೆ ಕೂರುತ್ತದೆ.

ಹಿರಿಯ ಸೊಸೆಯದು ಇಡೀ ಪಾಠದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಲೆಕ್ಕ. ಮನೆಯ ಹೊಲದಲ್ಲಿ 70 ದಿನ, ಬೇರೆಯವರ ಹೊಲದಲ್ಲಿ ಕೂಲಿಗೆ 80 ದಿನ. ಕೂಡಿಸಿದರೆ 150, ಅಲ್ಪಾವಧಿ ಕೆಲಸಗಾರ್ತಿ. ಮಕ್ಕಳು ಇಲ್ಲಿಗೆ ಲೆಕ್ಕ ಮುಗಿಸುತ್ತಾರೆ. ಆಗ ಎಮ್ಮೆಯನ್ನು ನೆನಪಿಸಬೇಕು. ವರ್ಷದ ಹೆಚ್ಚಿನ ದಿನ ಬೆಳಿಗ್ಗೆ ಸಂಜೆ ಮೇವು, ಸೆಗಣಿ, ಹಾಲು ಎಲ್ಲವೂ ಅವಳದೇ. ಅದನ್ನು ಸೇರಿಸಿದರೆ 183ರ ಗಡಿ ದಾಟಿ ಅವಳು ಮುಖ್ಯ ಕೆಲಸಗಾರ್ತಿಯಾಗುತ್ತಾಳೆ. ಇನ್ನು ಬಾಗಿಲಲ್ಲಿ ಮಾವನು ಕೊಟ್ಟ ಉತ್ತರವನ್ನೇ ಬರೆದುಕೊಂಡಿದ್ದರೆ ಅವಳು ಕೆಲಸಗಾರಳೇ ಅಲ್ಲ. ಒಬ್ಬಳೇ ಹೆಣ್ಣುಮಗಳು, ಒಂದೇ ವರ್ಷ, ಮೂರು ಉತ್ತರ. ಮೂರನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಇಂಥ ಮನೆ ಊರಲ್ಲಿ ಎಷ್ಟಿರಬಹುದು ಎಂದು ಮಾತ್ರ ಕೇಳಿ ಸುಮ್ಮನಿರಬೇಕು.

ಅಜ್ಜಿಯ ಕಾಳು ಹಸನು, ಹಕ್ಕಿ ಕಾಯುವ ಕೆಲಸಗಳನ್ನು ಮಕ್ಕಳೇ ಹುಡುಕಲಿ. ಎಂಟನೆಯ ಇಯತ್ತೆಯ ಹುಡುಗಿ ರಜೆಯಲ್ಲಿ ಮೆಣಸಿನಕಾಯಿ ಬಿಡಿಸಲು ಹೋಗುತ್ತಾಳೆ. ವಿದ್ಯಾರ್ಥಿನಿಯಾಗಿದ್ದೂ ಅವಳು ಅಲ್ಪಾವಧಿ ಕೆಲಸಗಾರ್ತಿಯಾಗಿ ದಾಖಲಾಗಬಹುದು. ಇದನ್ನು ಹೇಳಿ ಮುಂದೆ ಸಾಗುವುದು ಒಳ್ಳೆಯದು, ಕೆದಕುವುದು ಬೇಡ.

ಫೆಬ್ರವರಿಯಲ್ಲಿ ಊರಲ್ಲಿ ಇಲ್ಲದವರು

ಕಿರಿಯ ಮಗ ಮತ್ತು ಕಿರಿಯ ಸೊಸೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅವರು ಊರಲ್ಲಿ ಇಲ್ಲ.

ಜತ್ತ ತಾಲೂಕಿನ ಒಣ ಪ್ರದೇಶದಿಂದ ದಸರೆ ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವ ತಂಡಗಳು ಹೊರಡುತ್ತವೆ. ಗಂಡ ಹೆಂಡತಿಯ ಜೋಡಿಗೆ ‘ಒಂದು ಕೊಯ್ತಾ’ ಎಂದು ಹೆಸರು. ಮುಕಾದಮನು ಮಳೆಗಾಲದಲ್ಲಿಯೇ ಕೊಟ್ಟ ಮುಂಗಡ ಹಣ, ಅಂದರೆ ‘ಉಚಲ’, ಮದುವೆಗೋ ಔಷಧಕ್ಕೋ ಬಿತ್ತನೆಗೋ ಖರ್ಚಾಗಿರುತ್ತದೆ. ಅದು ತೀರುವ ತನಕ ಕಡಿಯಬೇಕು. ಸಾಂಗಲಿಯ ಪಶ್ಚಿಮ ಭಾಗ, ಕೊಲ್ಲಾಪುರ, ಗಡಿಯಾಚೆಯ ಬೆಳಗಾವಿ ಜಿಲ್ಲೆಯ ಕಾರಖಾನೆಗಳ ಸುತ್ತ ಗುಡಿಸಲು ಹಾಕಿಕೊಂಡು ಮಾರ್ಚ್ ಏಪ್ರಿಲ್ ತನಕ ಇರುತ್ತಾರೆ. ಅಕ್ಕಲಕೋಟೆಯ ಕಡೆಯಿಂದ ರೈಲು ಹತ್ತಿ ಸೊಲ್ಲಾಪುರ, ಪುಣೆಗಳಿಗೆ ಕಟ್ಟಡದ ಕೆಲಸಕ್ಕೆ ಹೋಗುವವರ ಕಥೆ ಸ್ವಲ್ಪ ಬೇರೆ. ಅವರು ಹಬ್ಬಕ್ಕೆ, ಜಾತ್ರೆಗೆ ಬಂದು ಹೋಗುತ್ತಾರೆ. ಕೊಯ್ತಾದವರಿಗೆ ಹಂಗಾಮು ಮುಗಿಯುವ ಮುನ್ನ ಊರಿಗೆ ಬರುವ ಸ್ವಾತಂತ್ರ್ಯ ಕಡಿಮೆ.

2011ರಲ್ಲಿ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ಇಪ್ಪತ್ತು ದಿನಗಳಲ್ಲಿ ಒಂದು ದಿನವಾದರೂ ತನ್ನ ಊರಲ್ಲಿದ್ದವನನ್ನು ಊರಲ್ಲಿ ಎಣಿಸುತ್ತಾರೆ. ಅಷ್ಟೂ ದಿನ ಹೊರಗಿದ್ದವನನ್ನು ಅವನು ಸಿಕ್ಕ ಸ್ಥಳದಲ್ಲಿ ಎಣಿಸುತ್ತಾರೆ. ಕಬ್ಬಿನ ಹಂಗಾಮಿನ ನಟ್ಟನಡುವೆ ಬಿದ್ದಿರುವ ಈ ಇಪ್ಪತ್ತು ದಿನಗಳಲ್ಲಿ ಕಿರಿಯ ಮಗ, ಅವನ ಹೆಂಡತಿ, ಕೈಗೂಸು ಈ ಮೂವರೂ ಕಾರಖಾನೆಯ ಮಗ್ಗುಲಿನ ಗುಡಿಸಲಿನಲ್ಲಿ ಎಣಿಕೆಯಾಗುತ್ತಾರೆ, ಎಣಿಕೆದಾರ ಅಲ್ಲಿಗೆ ಹೋದರೆ. ಒಂಬತ್ತು ಜನರ ಮನೆ ತನ್ನೂರಿನ ಪುಸ್ತಕದಲ್ಲಿ ಆರು ಜನರದಾಗುತ್ತದೆ. ವಯೋರಚನೆಯಲ್ಲಿ ಇಪ್ಪತ್ತರಿಂದ ನಲವತ್ತರ ನಡುವಿನ ಪಟ್ಟಿಗಳು ತೆಳುವಾಗುತ್ತವೆ. ಮುದುಕರು ಮತ್ತು ಶಾಲೆಯ ಮಕ್ಕಳು ಹೆಚ್ಚಾಗಿ ಕಾಣುತ್ತಾರೆ. ಜನ ಇಲ್ಲದ ಊರಿಗೆ ಬಸ್ಸು, ನಲ್ಲಿ, ದವಾಖಾನೆ ಏಕೆ ಎಂದು ಯೋಜನೆ ಮಾಡುವವರು ಕೇಳಿದರೆ ಅವರ ಮುಂದಿರುವ ಪುಸ್ತಕ ಅದನ್ನೇ ಹೇಳುತ್ತಿರುತ್ತದೆ.

ಗುಡಿಸಲು ಬೆಳಗಾವಿ ಜಿಲ್ಲೆಯಲ್ಲಿದ್ದರೆ ಇನ್ನೊಂದು ಪರಿಣಾಮವಿದೆ. ಮಹಾರಾಷ್ಟ್ರದ ಕನ್ನಡಿಗರ ಲೆಕ್ಕದಲ್ಲಿ ಮೂವರು ಕಡಿಮೆಯಾಗಿ ಕರ್ನಾಟಕದ ಲೆಕ್ಕದಲ್ಲಿ ಮೂವರು ಹೆಚ್ಚಾಗುತ್ತಾರೆ. ಕೋಟಿಗಟ್ಟಲೆ ಕನ್ನಡಿಗರಿರುವ ರಾಜ್ಯಕ್ಕೆ ಮೂವರು ಏನೂ ಅಲ್ಲ. ಒಂದು ತಾಲೂಕಿನ ಅಲ್ಪಸಂಖ್ಯಾತ ಭಾಷೆಗೆ ಇಂಥ ಮನೆಗಳು ಕೂಡಿಬಂದಾಗ ಅದು ದೊಡ್ಡ ಮಾತೇ.

ಒಂಬತ್ತು ವರ್ಷದ ಮಗ ಎಲ್ಲಿದ್ದಾನೆ ಎಂಬುದು ಶಾಲೆಯ ಪ್ರಶ್ನೆ. ಅಜ್ಜಿಯ ಬಳಿ ಬಿಟ್ಟುಹೋಗಿದ್ದರೆ ಅಥವಾ ಹಂಗಾಮಿ ವಸತಿಗೃಹದ ವ್ಯವಸ್ಥೆಯಾಗಿದ್ದರೆ ಹಾಜರಿಪುಸ್ತಕದಲ್ಲಿ ಇರುತ್ತಾನೆ. ಕೂಸನ್ನು ನೋಡಿಕೊಳ್ಳಲು ಕರೆದೊಯ್ದಿದ್ದರೆ ನವೆಂಬರಿನಿಂದ ಅವನ ಹೆಸರಿನ ಮುಂದೆ ಗೈರು. ಕಾರಖಾನೆಯ ಬಳಿ ಸಾಖರ ಶಾಳೆ ನಡೆಯುತ್ತಿದ್ದರೂ ಅಲ್ಲಿನ ಕಲಿಕೆ ಮರಾಠಿಯಲ್ಲಿ. ಮೂರನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಕಲಿತ ಹುಡುಗ ಐದು ತಿಂಗಳು ಬೇರೆ ಮಾಧ್ಯಮದಲ್ಲಿ ಕುಳಿತು ಮರಳುತ್ತಾನೆ, ಇಲ್ಲವೆ ಎಲ್ಲಿಯೂ ಕೂರದೆ ಮರಳುತ್ತಾನೆ. ಅಂಥವನನ್ನು ‘ಹಿಂದುಳಿದ ವಿದ್ಯಾರ್ಥಿ’ ಎಂದು ಬರೆಯುವ ಮುನ್ನ ಅವನ ವರ್ಷ ಹೇಗೆ ಕಳೆಯಿತೆಂಬುದನ್ನು ಶಿಕ್ಷಕರು ತಿಳಿದಿರಬೇಕು.

ತಾಯ್ನುಡಿಯ ಅಂಕಣ

ಗಣತಿಯ ಪ್ರಕಾರ ತಾಯ್ನುಡಿ ಎಂದರೆ ಬಾಲ್ಯದಲ್ಲಿ ತಾಯಿಯು ಆ ವ್ಯಕ್ತಿಯೊಡನೆ ಆಡಿದ ಭಾಷೆ. ತಾಯಿ ಶೈಶವದಲ್ಲಿಯೇ ತೀರಿಕೊಂಡಿದ್ದರೆ ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ರಾಜ್ಯದ ಭಾಷೆ, ಶಾಲೆಯಲ್ಲಿ ಓದಿದ ಭಾಷೆ, ಜಾತಿಯ ಹೆಸರು ಇವು ಯಾವುವೂ ಅಲ್ಲ. ಆ ಭಾಷೆಗೆ ಲಿಪಿ ಇರಬೇಕೆಂಬ ನಿಯಮವಿಲ್ಲ. ಮನೆಯವರೆಲ್ಲರದೂ ಒಂದೇ ಆಗಿರಬೇಕೆಂದೂ ಇಲ್ಲ. ಅತ್ತೆಯದು ಕನ್ನಡ, ಮರಾಠಿ ಸೀಮೆಯಿಂದ ಬಂದ ಸೊಸೆಯದು ಮರಾಠಿ ಇದ್ದರೆ ಹಾಗೆಯೇ ಬರೆಯಬೇಕು. ತಾಯ್ನುಡಿಯ ಹೊರತಾಗಿ ಬಲ್ಲ ಇನ್ನೆರಡು ಭಾಷೆಗಳಿಗೂ ಸ್ಥಳವಿದೆ. ಗಡಿಯ ಜನರ ನಿಜವಾದ ಸಂಪತ್ತು ಕಾಣುವುದು ಅಲ್ಲಿ. ಮನೆಯಲ್ಲಿ ಉರ್ದು ಆಡುವ ಅಡತಿ ವ್ಯಾಪಾರಿಯ ಪೇಟೆಯ ಕನ್ನಡ ಆ ಅಂಕಣದಲ್ಲಿ ಬರುತ್ತದೆ. ತಾಂಡಾದ ಮಗುವಿನ ತಾಯ್ನುಡಿ ಲಂಬಾಣಿ. ಗಣತಿಯ ಪ್ರಕಟಣೆಯಲ್ಲಿ ಅದನ್ನು ಹಿಂದಿಯ ಗುಂಪಿಗೆ ಸೇರಿಸುತ್ತಾರೆ, ನೀಲಗಿರಿಯ ಬಡಗವನ್ನು ಕನ್ನಡದ ಗುಂಪಿಗೆ ಸೇರಿಸಿದಂತೆ. ಗುಂಪು ಮಾಡುವುದು ಆಮೇಲಿನ ಕೆಲಸ. ಬಾಗಿಲಲ್ಲಿ ನಿಂತವರು ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು. ಕನ್ನಡ ಶಾಲೆಯ ಶಿಕ್ಷಕರು ಗಣತಿದಾರರಾದಾಗ ಲಂಬಾಣಿ ಮನೆಯನ್ನೋ ಮರಾಠಿ ಮನೆಯನ್ನೋ ಕನ್ನಡವೆಂದು ಬರೆದರೆ ಅದು ಭಾಷಾಪ್ರೇಮವಲ್ಲ, ದಾಖಲೆಯ ದ್ರೋಹ.

2011ರಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು ಹತ್ತು ಲಕ್ಷ. ಈ ಅಂಕಣದ ಬೆಲೆ ಶಿಕ್ಷಕರಿಗೆ ಗೊತ್ತಿದ್ದರೂ ಮೂಲವನ್ನು ನೆನಪಿಸುವುದು ಅವಶ್ಯ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಒದಗಿಸಬೇಕೆಂಬ 350ಎ ವಿಧಿ 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿತು. ಅದಕ್ಕೂ ಮುನ್ನ 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕನನ್ನು ಕೊಡಬೇಕೆಂದು ಒಪ್ಪಿತ್ತು. ಅಲ್ಪಸಂಖ್ಯಾತ ಭಾಷಿಕರು ನೂರಕ್ಕೆ 15ರಷ್ಟಿರುವ ತಾಲೂಕು ಅಥವಾ ಪುರಸಭೆಯಲ್ಲಿ ಮಹತ್ವದ ಸರಕಾರಿ ಸೂಚನೆಗಳು ಅವರ ಭಾಷೆಯಲ್ಲಿಯೂ ಪ್ರಕಟವಾಗಬೇಕೆಂಬ ರಕ್ಷಣೆಯೂ ಇದೆ. 10, 40, 15: ಈ ಮೂರೂ ಎಣಿಕೆಯ ಮೇಲೆ ನಿಂತಿವೆ. ಹತ್ತು ಮಕ್ಕಳ ತರಗತಿಯಿಂದ ಮೂವರು ಕಬ್ಬಿನ ಗದ್ದೆಗೆ ಹೋದರೆ ಏಳೇ ಉಳಿಯುತ್ತವೆ.

ತರಗತಿಯಲ್ಲಿ

ಈ ಪಾಠಕ್ಕೆ ಬೇಕಾದ ಮುಖ್ಯ ಪುಸ್ತಕ ಜಿಲ್ಲಾ ಜನಗಣತಿ ಕೈಪಿಡಿ. ಪ್ರತಿ ಹಳ್ಳಿ, ಪ್ರತಿ ಪಟ್ಟಣದ ಜನಸಂಖ್ಯೆ, ಸಾಕ್ಷರರು, ಮುಖ್ಯ ಮತ್ತು ಅಲ್ಪಾವಧಿ ಕೆಲಸಗಾರರು, ನಾಲ್ಕು ಗುಂಪುಗಳು ಇವೆಲ್ಲವೂ ಗಂಡು ಹೆಣ್ಣು ಬೇರೆಬೇರೆಯಾಗಿ ಅದರಲ್ಲಿ ದೊರೆಯುತ್ತವೆ. ಗಣತಿ ಇಲಾಖೆಯ ಜಾಲತಾಣದಿಂದ ತಮ್ಮೂರಿನ ಪುಟವನ್ನು ಮುದ್ರಿಸಿಕೊಂಡರೆ ಸಾಕು. ಸಾಕ್ಷರತೆಯ ಶೇಕಡಾವಾರನ್ನು ಏಳು ವರ್ಷ ಮತ್ತು ಮೇಲ್ಪಟ್ಟವರ ಮೇಲೆ ಮಾತ್ರ ತೆಗೆಯಬೇಕೆಂಬುದನ್ನು ಮರೆಯಬಾರದು. ಒಟ್ಟು ಜನಸಂಖ್ಯೆಯಿಂದ ಭಾಗಿಸಿ ತಪ್ಪು ಮಾಡುವುದು ಸಾಮಾನ್ಯ.

ಪುಟವನ್ನು ಕೊಡುವ ಮುನ್ನ ವರ್ಷಪಟ್ಟಿ ಬರೆಸುವುದು ಲೇಸು. ಪ್ರತಿ ವಿದ್ಯಾರ್ಥಿಗೂ ಹನ್ನೆರಡು ಮನೆಗಳ ಉದ್ದನೆಯ ಕಾಗದದ ಪಟ್ಟಿ ಕೊಡಬೇಕು. ತಿಂಗಳ ಹೆಸರಿನ ಕೆಳಗೆ ಮಳೆಯ ನಕ್ಷತ್ರಗಳನ್ನೂ ಬರೆದುಕೊಂಡರೆ ಮನೆಯ ಹಿರಿಯರು ನೆನಪಿನಿಂದ ತುಂಬಿಸಬಲ್ಲರು. ಮನೆಯ ದೊಡ್ಡವರೊಬ್ಬರು ಯಾವ ತಿಂಗಳು ಯಾವ ಕೆಲಸದಲ್ಲಿ ಎಷ್ಟು ದಿನ ಇದ್ದರು ಎಂದು ಕೇಳಿ ಬರೆದು ತರಬೇಕು. ಪಟ್ಟಿಯ ಮೇಲೆ ಹೆಸರು ಬೇಡ; ‘ಹೆಣ್ಣು, 35’ ಎಂದಷ್ಟೇ ಇರಲಿ. ಉಚಲ, ಸಾಲ, ಜಾತಿ ಇವುಗಳನ್ನು ಕೇಳಕೂಡದು. ಎಲ್ಲ ಪಟ್ಟಿಗಳನ್ನೂ ಕಲಸಿ ಹಂಚಿ, ತನ್ನ ಕೈಗೆ ಬಂದವರನ್ನು ಪ್ರತಿಯೊಬ್ಬನೂ ಗಣತಿಯ ಗುಂಪಿಗೆ ಸೇರಿಸಲಿ. ಇಬ್ಬರು ಒಂದೇ ಪಟ್ಟಿಗೆ ಎರಡು ಉತ್ತರ ಕೊಟ್ಟು ವಾದಕ್ಕಿಳಿದರೆ ತರಗತಿ ಸರಿಯಾದ ದಾರಿಯಲ್ಲಿದೆ. ಆಮೇಲೆ ಮುದ್ರಿತ ಪುಟವನ್ನು ಕೊಟ್ಟು, ತಮ್ಮ ಎಣಿಕೆಯ ಹೆಂಗಸರ ಪ್ರಮಾಣವನ್ನು ಅಲ್ಲಿನ ಪ್ರಮಾಣದೊಡನೆ ಹೋಲಿಸಲು ಹೇಳಬೇಕು. ತರಗತಿಯ ನಲವತ್ತು ಮನೆ ಇಡೀ ಊರಲ್ಲ ಎಂಬ ಎಚ್ಚರಿಕೆಯನ್ನೂ ಕೊಡಬೇಕು.

ಈ ಚಟುವಟಿಕೆಗೆ ಜನವರಿ ಅನುಕೂಲವೆಂದು ತೋರಬಹುದು, ಮಾರುಕಟ್ಟೆ ತುಂಬಿರುತ್ತದೆ. ಆದರೆ ಆಗ ಕೊಯ್ತಾದ ಮನೆಗಳ ಮಕ್ಕಳು ತರಗತಿಯಲ್ಲಿ ಇರುವುದಿಲ್ಲ. ಗಣತಿಯಲ್ಲಿ ಆದದ್ದೇ ಪಾಠದಲ್ಲಿಯೂ ಆಗುತ್ತದೆ. ಜನವರಿಯಲ್ಲಿಯೇ ನಡೆಸಬೇಕಾಗಿ ಬಂದರೆ ಗೈರುಹಾಜರಾದ ಪ್ರತಿ ವಿದ್ಯಾರ್ಥಿಗೂ ಒಂದು ಖಾಲಿ ಪಟ್ಟಿಯನ್ನು ಗೋಡೆಗೆ ಹಚ್ಚಿ ಬಿಡಬೇಕು. ಯುಗಾದಿಯ ಸುಮಾರಿಗೆ ಅವರು ಮರಳಿ ಬಂದ ವಾರದಲ್ಲಿ ಅದನ್ನು ಅವರೇ ತುಂಬಿಸಲಿ. ಅಕ್ಟೋಬರಿನಿಂದ ಮಾರ್ಚಿನವರೆಗಿನ ಆರು ಮನೆಗಳ ಕೆಳಗೆ ಊರಿನ ಹೆಸರನ್ನೂ ಬರೆಸಬೇಕು, ಪ್ರತಿಯೊಂದಕ್ಕೂ.